ಒಲೆ ಹೂಡುವ ಹೊತ್ತು

ನಾನು ಕೇಳುವುದರಲ್ಲಿ ಜಿಪುಣಿ. ಊಟಕ್ಕೆ ಕರೆದವರು ಎರಡನೇ ಸಲ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ; ಹೊಟ್ಟೆ ಅರ್ಧವೂ ತುಂಬಿರುವುದಿಲ್ಲ. ಲಿಂಗಸೂಗೂರಿನಲ್ಲಿ ನನ್ನ ಅವ್ವ ಕಲಿಸಿದ ಮರ್ಯಾದೆ ಅದು. ಆ ಮರ್ಯಾದೆಯೇ ನನ್ನ ಪಿಎಚ್.ಡಿ.ಯನ್ನು ಮುಳುಗಿಸುವುದರಲ್ಲಿತ್ತು.

ಮೊಳಕೆ ಬರುವಾಗ ಜೋಳದ ಕಾಳಿನೊಳಗೆ ಕಬ್ಬಿಣದ ಅಂಶ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ತೀಕ್ಷ್ಣ ಎಕ್ಸ್-ರೇ ಕಿರಣ ಕೆಂಗೇರಿ ಕಡೆಯ ನಮ್ಮ ಸಂಸ್ಥೆಯಲ್ಲಿಲ್ಲ, ಹೊರರಾಜ್ಯದ ಒಂದು ಕೇಂದ್ರದಲ್ಲಿದೆ. ಅಲ್ಲಿ ಯಂತ್ರದ ಸಮಯವನ್ನು ಎಂಟೆಂಟು ಗಂಟೆಯ ಪಾಳಿಗಳಾಗಿ ಹಂಚುತ್ತಾರೆ. ಅರ್ಜಿ ಬರೆದು ಗೆಲ್ಲಬೇಕು. ನಾನು ಎರಡೇ ಪಾಳಿ ಕೇಳಿದ್ದೆ. ಕಡಿಮೆ ಕೇಳಿದರೆ ಇಲ್ಲ ಎನ್ನಲಾರರು ಎಂದುಕೊಂಡಿದ್ದೆ. ‘ಕೇಳಿದ ಸಮಯದಲ್ಲಿ ಈ ಕೆಲಸ ಮುಗಿಯದು. ಅರ್ಜಿದಾರರಿಗೆ ಅಂದಾಜಿಲ್ಲ’ ಎಂದು ಬರೆದು ವಾಪಸ್ ಕಳಿಸಿದರು. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ತಪ್ಪಿದರೆ ಮುಂದಿನ ಅರ್ಜಿಯ ಹೊತ್ತಿಗೆ ಫೆಲೋಶಿಪ್ ಮುಗಿಯುತ್ತಿತ್ತು, ಐದು ವರ್ಷದ ದುಡಿಮೆ ಕೊನೆಯ ಅಧ್ಯಾಯವಿಲ್ಲದೆ ನಿಲ್ಲುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮೂಡಲಪಾಳ್ಯದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದೆ. ಕೆಳಗಿನ ಮನೆಯ ಮಾಲೀಕರು ನಾಣಿ ಮಾಮ. ನಲವತ್ತು ವರ್ಷ ಮದುವೆಮನೆಗಳ ಅಡುಗೆ ಹಿಡಿದವರು. ಕೈ ನಡುಗಲು ಶುರುವಾದ ಮೇಲೆ ಸೌಟು ಬಿಟ್ಟವರು. ಏನಾಯಿತೆಂದು ಕೇಳಿದರು. ಓದಿ ಹೇಳಿದೆ.

“ಅಂದಾಜಿಲ್ಲ ಅಂದ್ರಾ?” ತಮಗೇ ಬೈದ ಹಾಗೆ ಕೆರಳಿದರು. “ಎಷ್ಟು ಜನಕ್ಕಮ್ಮ ಅಡುಗೆ?”

“ಹನ್ನೆರಡು ಕಾಳ್ರಿ ಮಾಮಾ. ಒಣಾವು ಮೂರು. ಆಮ್ಯಾಲೆ ಒಂದ್ ದಿನದ ಮೊಳಕಿ, ಎರಡ್ ದಿನದ್ದು, ಮೂರ್ ದಿನದ್ದು, ಮೂರ್ಮೂರು.”

“ಒಂದೊಂದಕ್ಕೆ ಎಷ್ಟೊತ್ತು?”

“ಮೂರು ತಾಸು.”

“ಮೂವತ್ತಾರು ಗಂಟೆ. ನೀನು ಕೇಳಿದ್ದು ಹದಿನಾರು! ನೂರು ಜನಾನ ಕರೆದು ನಲವತ್ತು ಎಲೆ ಹಾಕಿದ ಹಾಗಾಯ್ತಲ್ಲೇ!”

“ಭಾಳ ಕೇಳಿದ್ರ ಆಸಿಬುರುಕಿ ಅಂತಾರ ಅನಿಸ್ತ್ರಿ.”

“ಕಮ್ಮಿ ಹೇಳೋ ಅಡುಗೆಯವನನ್ನ ಕಂಡ್ರೇನೇ ಮದುವೆಮನೆಯವರು ಹೆದರೋದು, ಇವನು ನಡುವೆ ಕೈ ಕೊಡ್ತಾನೆ ಅಂತ. ಅದಿರ್ಲಿ, ಒಲೆ ಹೂಡೋ ಹೊತ್ತು ಎಲ್ಲಿ ಹಾಕಿದೀಯಾ?”

ಕಿರಣವನ್ನು ಕಾಳಿನ ಮೇಲೆ ಸರಿಯಾಗಿ ಕೂರಿಸುವುದಕ್ಕೇ ಒಂದು ಪಾಳಿ ಬೇಕು. ಅದನ್ನು ಅರ್ಜಿಯಲ್ಲಿ ಬರೆದೇ ಇರಲಿಲ್ಲ ಎಂದು ಒಪ್ಪಿಕೊಂಡೆ.

“ಹಾಲು ಒಡೆದು ಮತ್ತೆ ಕಾಯಿಸ್ಬೇಕಾಗಿ ಬಂದ್ರೆ?”

“ಒಂದು ನಾಕು ತಾಸು ಇಟ್ಕೋಬೇಕ್ರಿ.”

“ಒಟ್ಟು ನಲವತ್ತೆಂಟು ಗಂಟೆ, ಆರು ಪಾಳಿ ಆಯ್ತು. ಈಗ ಹೇಳು, ನಡುವೆ ಗ್ಯಾಸ್ ಮುಗಿದ್ರೆ ಯಾವುದು ಆಗಿರ್ಲೇಬೇಕು? ನಾನಾದ್ರೆ ಅನ್ನ, ಸಾರು ಮೊದಲು ಇಳಿಸ್ತೀನಿ. ಬೋಂಡಾ ಆಮೇಲೆ.”

ನಾನು ದಿನದ ಕ್ರಮದಲ್ಲಿ ಬರೆದಿದ್ದೆ. ನಿಜಕ್ಕೂ ಬೇಕಾದದ್ದು ಒಣ ಕಾಳು ಮತ್ತು ಮೂರನೇ ದಿನದ ಮೊಳಕೆ. ಅವೆರಡರ ವ್ಯತ್ಯಾಸವೇ ನನ್ನ ಅಧ್ಯಾಯ. ನಡುವಿನ ದಿನಗಳು ಬೋಂಡಾ. ಮಾಮ ಕ್ಯಾಲೆಂಡರ್ ಹಾಳೆಯ ಹಿಂದೆ ನಡುಗುವ ಅಕ್ಷರದಲ್ಲಿ ಪಟ್ಟಿ ಬರೆದುಕೊಟ್ಟರು. ಕಾಫಿ ತಂದ ಅನಂತಲಕ್ಷ್ಮಿ ಮಾಮಿ ಮೆಲ್ಲಗೆ ಹೇಳಿದರು: “ಇವರ ಹತ್ರ ಪಟ್ಟಿ ಬರೆಸಿ ನಾಲ್ಕು ವರ್ಷ ಆಗಿತ್ತು ಕಣೇ.”

ಅದೇ ಪಟ್ಟಿಯನ್ನು ಇಂಗ್ಲಿಷಿಗಿಳಿಸಿದೆ. ‘ಆರು’ ಎಂದು ಒತ್ತುವಾಗ ಬೆರಳು ಹಿಂಜರಿಯಿತು. ಆದರೂ ಒತ್ತಿದೆ. ಯುಗಾದಿ ಕಳೆದ ವಾರ ಉತ್ತರ ಬಂತು: ಆರಕ್ಕೆ ಆರೂ ಪಾಳಿ ಕೊಟ್ಟಿದ್ದರು, ಜೊತೆಗೆ ‘ಅಂದಾಜು ನಂಬುವಂತಿದೆ’ ಎಂಬ ಒಂದು ಸಾಲು. ಆ ಸಾಲನ್ನು ಮಾಮ ನನ್ನಿಂದ ಮೂರು ಸಲ ಓದಿಸಿದರು.

ಜೂನ್‌ನಲ್ಲಿ ಕೇಂದ್ರಕ್ಕೆ ಹೋದೆ. ಮೊದಲ ಪಾಳಿ ಪೂರ್ತಿ ಒಲೆ ಹೂಡುವುದಕ್ಕೇ ಹೋಯಿತು. ಐದನೆಯದರ ಕೊನೆಗೆ, ಹತ್ತು ಕಾಳು ಮುಗಿದಿದ್ದಾಗ, ವಿದ್ಯುತ್ ಕೈಕೊಟ್ಟು ಕಿರಣ ನಿಂತೇ ಹೋಯಿತು. ಇನ್ನೆರಡು ದಿನ ಬರುವುದಿಲ್ಲ ಎಂದರು. ನನ್ನ ಹಳೆಯ ಕ್ರಮದಲ್ಲಿ ಹೋಗಿದ್ದರೆ ಮೂರನೇ ದಿನದ ಒಂದೇ ಒಂದು ಕಾಳು ಸಿಕ್ಕಿರುತ್ತಿತ್ತು. ಈಗ ಮೂರೂ ನನ್ನ ಹತ್ತಿರವಿದ್ದವು. ಅಂಗಳಕ್ಕೆ ಬಂದು ಫೋನ್ ಮಾಡಿದೆ.

“ಮಾಮಾ, ನಡುವ ಗ್ಯಾಸ್ ಮುಗೀತ್ರಿ.”

“ಅನ್ನ, ಸಾರು ಇಳಿಸಿದ್ದೆಯಾ?”

“ಇಳಿಸೀನ್ರಿ. ಎರಡು ಬೋಂಡಾ ಅಷ್ಟ ಉಳದ್ವು.”

“ಮತ್ತೆ ಯಾಕಮ್ಮ ಅಳ್ತಿದೀಯಾ? ಊಟ ಆಯ್ತಲ್ಲ!”

“ಮಾಮಾ, ನಾಳೆ ಮನೀಗೆ ಬರ್ತೀನಿ, ಹಸಿವಾಗೇದ,” ಎಂದೆ. “ಹೊಟ್ಟಿ ತುಂಬ ಬಡಸ್ರಿ.”