ಹಲಗೆಯಾಚೆಯ ಮಾತು

ಕಚೇರಿಯಲ್ಲಿ ಅವರಿಬ್ಬರಿಗೂ ಸೇರಿಸಿ ಇಟ್ಟ ಹೆಸರು ಜೋಡೆತ್ತು. ಒಬ್ಬಳು ನರ್ಸಮ್ಮ, ಇನ್ನೊಬ್ಬಳು ಔಷಧಿ ಉಗ್ರಾಣ ನೋಡಿಕೊಳ್ಳುವ ಗುಬ್ಬಿ. ಆಳು ಗಿಡ್ಡ, ಬಾಯಿ ಒಂದು ಗಳಿಗೆ ಸುಮ್ಮನಿರದು, ಅದಕ್ಕೇ ಗುಬ್ಬಿ. ಹೊಳೆಯಾಚೆ ಬಂದೂಕು ಹಿಡಿದವರದೇ ದರಬಾರು. ಅಲ್ಲಿನ ಹಳ್ಳಿಗಳಿಗೆ ಪರಿಹಾರ ಸಂಸ್ಥೆಯ ಗಾಡಿ ಹೊರಟಿತೆಂದರೆ ಹಿಂದಿನ ಸೀಟಿನಲ್ಲಿ ಇವರಿಬ್ಬರು ಇರಲೇಬೇಕು. "ಒಬ್ಬಳು ಸೀನಿದ್ರೆ ಇನ್ನೊಬ್ಬಳು ಮೂಗು ಒರೆಸ್ಕೋತಾಳೆ," ಎಂದು ಡ್ರೈವರಣ್ಣ ನಗೆಯಾಡುತ್ತಿದ್ದ.

ನರ್ಸಮ್ಮನಿಗೆ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಹೊಟ್ಟೆಯಲ್ಲಿ ಕೂಸು ನಿಲ್ಲದೆ ಹೋದಾಗಲೆಲ್ಲ ಆಸ್ಪತ್ರೆಯ ಮಂಚದ ಪಕ್ಕ ಕೂತು ಕೈ ಹಿಡಿದವಳು ಗುಬ್ಬಿ. ಆಮೇಲೆ ಗಂಡ ತೀರಿಕೊಂಡಾಗ ತಿಂಗಳುಗಟ್ಟಲೆ ತನ್ನ ಮನೆಯಲ್ಲೇ ಇಟ್ಟುಕೊಂಡವಳೂ ಅವಳೇ. ಗುಬ್ಬಿಯ ಹೆಣ್ಣುಮಕ್ಕಳಿಬ್ಬರೂ ಮಾತು ಕಲಿಯುವಾಗಲೇ ನರ್ಸಮ್ಮನನ್ನು ದೊಡ್ಡಮ್ಮ ಎಂದವರು. ಹಿರಿಯವಳ ಮೊದಲ ಹಲ್ಲು ಬಿದ್ದದ್ದು ಈ ದೊಡ್ಡಮ್ಮನ ಮಡಿಲಲ್ಲಿ. ಹಾಗಾಗಿ ತನಗೆ ಯಾರೂ ಇಲ್ಲವೆಂದು ನರ್ಸಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಈ ಸಲ ಹೊಳೆ ದಾಟುವ ಮೊದಲು ಎಲ್ಲರಿಗೂ ಸುರಕ್ಷತೆಯ ತರಬೇತಿ ಆಗಲೇಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಸಂಸ್ಥೆಯ ಸುರಕ್ಷತಾ ಅಧಿಕಾರಿ ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ಈಗಲೂ ಎಲ್ಲರ ಬಾಯಲ್ಲಿ ಮೇಷ್ಟ್ರು. ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯಲ್ಲಿ ಅವರ ಪಾಠ ನಡೆಯಿತು. ದಾರಿಯಲ್ಲಿ ಅಡ್ಡಗಟ್ಟಿದರೆ ತಂಪು ಕನ್ನಡಕ ತೆಗೆಯಬೇಕು, ಕಿಟಕಿ ಇಳಿಸಬೇಕು, ಎರಡೂ ಕೈ ಅವರಿಗೆ ಕಾಣುವಂತಿರಬೇಕು. ಚೀಲಕ್ಕೆ ಕೈ ಹಾಕುವ ಮೊದಲು ಹಾಕುತ್ತೇನೆಂದು ಹೇಳಬೇಕು. ವಾದಕ್ಕಿಳಿಯಬಾರದು, ಅತಿಯಾಗಿ ನಗಲೂಬಾರದು.

"ನಗಬಾರದಾ? ಹಾಗಾದ್ರೆ ನನ್ನನ್ನ ಇಲ್ಲೇ ಬಿಟ್ಟು ಹೋಗಿ ಮೇಷ್ಟ್ರೇ," ಎಂದಳು ಗುಬ್ಬಿ.

ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಇಲ್ಲಿರೋವಾಗ ಯಾವಾಗ ಬೇಕಾದ್ರೂ ಏನಾದ್ರೂ ಆಗಬಹುದು. ನಾಟಕ ಅಂತ ಗೊತ್ತಿದ್ದರೂ ನಿಜ ಅಂದುಕೊಂಡೇ ನಡ್ಕೊಳ್ಳಿ. ಒಳಗೆ ಆಡಿದ ಮಾತನ್ನ ನಾವಂತೂ ಹೊರಗೆ ತರೋದಿಲ್ಲ."

ಮರುದಿನ ಊಟ ಮುಗಿಸಿ ಗಾಡಿ ಹತ್ತಿದ್ದರು. ಹೊಗೆಗೂಡಿನ ಹಿಂದಿನಿಂದ ಮುಖ ಮುಚ್ಚಿಕೊಂಡ ನಾಲ್ಕೈದು ಮಂದಿ ಹಾರಿ ಬಂದರು. ಬಾಗಿಲು ಕಿತ್ತುಬರುವ ಹಾಗೆ ತೆರೆದರು, ರಟ್ಟೆ ಹಿಡಿದು ಎಳೆದರು, ತಲೆಯ ಮೇಲೆ ಬಟ್ಟೆ ಚೀಲ ಕವುಚಿದರು. ಚೀಲಕ್ಕೆ ಹಳೆಯ ಈರುಳ್ಳಿಯ ವಾಸನೆ. ಉಸಿರು ಕಟ್ಟಿದಂತಾಗಿ ನರ್ಸಮ್ಮ ತಲೆ ಬಗ್ಗಿಸಿದಾಗ ಚೀಲದ ಅಂಚಿನ ಕೆಳಗೆ ಒಂದು ಜೊತೆ ಬೂಟು ಕಂಡಿತು. ಮುಖ ನೋಡಿಕೊಳ್ಳುವಷ್ಟು ಹೊಳಪು. ಆ ಧೂಳಿನಲ್ಲಿ ಅಂಥ ಬೂಟು ಮೇಷ್ಟ್ರದಲ್ಲದೆ ಇನ್ನಾರದು? ಅವಳಿಗೆ ಜೀವ ಬಂದ ಹಾಗಾಯಿತು.

ಒಂದು ಕೋಣೆಯಲ್ಲಿ ಇಬ್ಬರನ್ನೂ ಮಂಡಿಯೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ನರ್ಸಮ್ಮನನ್ನು ಎಬ್ಬಿಸಿ ನಡೆಸಿಕೊಂಡು ಹೋದರು. ದೂರ ಎಲ್ಲಿಗೋ ಹೋದಂತೆ ಅನ್ನಿಸಿದರೂ ಸುತ್ತು ಹಾಕಿಸಿ ಕೂರಿಸಿದ್ದು ಅದೇ ಕೋಣೆಯ ಹಲಗೆ ಗೋಡೆಯ ಈಚೆ. ಆಚೆಯಿಂದ ಗುಬ್ಬಿಯ ಬಿಕ್ಕು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಬೂಟಿನ ಸದ್ದು ಅವಳ ಹತ್ತಿರ ಹೋಗಿ ನಿಂತಿತು.

"ಇಬ್ಬರಲ್ಲಿ ಒಬ್ಬಳನ್ನ ಬಿಡ್ತೀವಿ," ಎಂದಿತು ಬೇಕೆಂದೇ ಒರಟು ಮಾಡಿಕೊಂಡ ದನಿ. "ಯಾರು ಇರಬೇಕು, ನೀನೇ ಹೇಳು."

ಗುಬ್ಬಿಯ ಬಿಕ್ಕು ನಿಂತಿತು.

"ಅವಳನ್ನ ಇಟ್ಕೊಳ್ಳಿ. ನನಗೆ ಇಬ್ಬರು ಮಕ್ಕಳಿದ್ದಾರೆ. ಅವಳಿಗೆ ಯಾರೂ ಇಲ್ಲ."

ಗುಬ್ಬಿಯನ್ನು ಹೊರಗೆ ನಡೆಸಿಕೊಂಡು ಹೋದ ಮೇಲೆ ಬೂಟಿನ ಸದ್ದು ಈಚೆ ಬಂದು ಅದೇ ಪ್ರಶ್ನೆ ಕೇಳಿತು. "ನಾನಿರ್ತೀನಿ, ಅವಳನ್ನ ಬಿಡಿ," ಎಂದಳು ನರ್ಸಮ್ಮ. ಗುಬ್ಬಿಯ ಮಾತು ಕಿವಿಗೆ ಬೀಳದಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳು. ಆ ಮಕ್ಕಳ ಮುಖ ನೋಡಿ ಬೇರೆ ಹೇಳಲು ಅವಳಿಂದ ಆಗುತ್ತಿತ್ತೇ? ಆದರೆ ಮಡಿಲಿನಿಂದ ತೆಗೆದು ತಾನೇ ಕೊಡಬೇಕೆಂದಿದ್ದುದನ್ನು ಯಾರೋ ಮೊದಲೇ ಕಿತ್ತುಕೊಂಡು ಹೋದಂತಿತ್ತು. ಕೊಡಲು ಅವಳ ಬಳಿ ಏನೂ ಉಳಿದಿರಲಿಲ್ಲ.

ಹೊರಗೆ ತಂದು ಚೀಲ ತೆಗೆದರು. ಬಿಸಿಲು ಕಣ್ಣಿಗೆ ಚುಚ್ಚಿತು. ಅಂಗಳದಲ್ಲಿ ಕುರ್ಚಿಗಳನ್ನು ವೃತ್ತವಾಗಿ ಹಾಕಿ ಎಲ್ಲರಿಗೂ ಚಹಾ ಕೊಟ್ಟರು. ಮುಖವಾಡದವರು ಮುಖವಾಡ ಕಳಚಿ, ರಟ್ಟೆ ನೋಯಿತೇ ತಂಗಿ, ಎಂದು ವಿಚಾರಿಸಿಕೊಂಡರು. ಮೇಷ್ಟ್ರು ಬಟ್ಟೆ ಬದಲಿಸಿ, ಚಪ್ಪಲಿ ಮೆಟ್ಟಿ ಬಂದು ಕೂತಿದ್ದರು. ಎಲ್ಲಕ್ಕಿಂತ ಕಷ್ಟವಾದದ್ದು ಯಾವುದೆಂದು ಒಬ್ಬೊಬ್ಬರನ್ನೇ ಕೇಳಿದರು.

"ಒಬ್ಬಳನ್ನ ಬಿಡ್ತೀವಿ ಅಂದ್ರಲ್ಲ, ಅದು," ಎಂದಳು ಗುಬ್ಬಿ, ಸೆರಗಿನಿಂದ ಕಣ್ಣೊರೆಸುತ್ತ. "ನನ್ನನ್ನೇ ಇಟ್ಕೊಳ್ಳಿ, ಅವಳನ್ನ ಬಿಡಿ ಅಂದೆ. ಹೇಳೋವಾಗ ಮಕ್ಕಳ ಮುಖ ಕಣ್ಣೆದುರಿಗೆ ಬಂತು ನೋಡಿ. ಆದ್ರೂ ಅಂದೆ."

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮೇಷ್ಟ್ರು ಚಹಾದ ಲೋಟವನ್ನು ಕೆಳಗಿಟ್ಟು ತಾವೂ ಎರಡು ಸಲ ತಟ್ಟಿದರು. "ನೋಡಿದ್ರಾ ಜೋಡೆತ್ತಿನ ಗತ್ತು?" ಎಂದ ಡ್ರೈವರಣ್ಣ. ನರ್ಸಮ್ಮ ನಕ್ಕಳು. ಆ ನಗೆ ತನ್ನ ಮುಖಕ್ಕೆ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ.

ಸಂಜೆ ಸಿಬ್ಬಂದಿಯ ಮನೆಯಲ್ಲಿ, ಎರಡು ಮಂಚದ ಆ ಕೋಣೆಯಲ್ಲಿ, ಗುಬ್ಬಿ ಪ್ರಯಾಣದ ಬಟ್ಟೆ ಮಡಿಸುತ್ತಿದ್ದಳು. ಫೋನಿನಲ್ಲಿ ಹಿರಿಯ ಮಗಳು. "ತಗೋ, ನಿನ್ನ ದೊಡ್ಡಮ್ಮನ ಹತ್ರ ಮಾತಾಡು," ಎಂದು ಫೋನು ದಾಟಿಸಿದಳು.

"ಅಮ್ಮನ್ನ ನೋಡ್ಕೋ ದೊಡ್ಡಮ್ಮ," ಎಂದಳು ಹುಡುಗಿ. "ಅವಳು ದಾರೀಲಿ ಎಲ್ಲರ ಮಾತಿಗೂ ಬಾಯಿ ಹಾಕ್ತಾಳೆ."

"ನೋಡ್ಕೋತೀನಿ ಪುಟ್ಟಾ."

ಫೋನು ಇಟ್ಟ ಮೇಲೆ ನರ್ಸಮ್ಮ ಮಂಚದ ತುದಿಯಲ್ಲಿ ಕೂತಳು. ಬೆಳಿಗ್ಗೆ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು, ಜೊತೆಗಾರರು ಒಪ್ಪಿಗೆಯೇ ಎಂದು ಕೇಳುತ್ತಾರೆ. ಹೊಳೆ ದಾಟುವ ಮೊದಲಿನ ನಿಯಮ ಅದು. ಬೇಡವೆಂದರೆ ಕಾರಣ ಕೇಳುವಂತಿಲ್ಲ. ಇಷ್ಟು ವರ್ಷ ಅವಳು ಕೋಣೆಯೊಳಗೆ ಕಾಲಿಡುವ ಮೊದಲೇ ಹೂಂ ಎಂದು ಬಂದಿದ್ದಳು. ಗುಬ್ಬಿ ಈಗ ನಿಜ ಹೇಳಿಬಿಟ್ಟರೆ ನಾಳೆಯೂ ಹೂಂ ಎನ್ನಬಹುದು. ಹೆದರಿಬಿಟ್ಟೆ ಕಣೇ, ಬಾಯಿಗೆ ಬಂದದ್ದು ಆಡಿಬಿಟ್ಟೆ, ಎಂದು ಒಂದು ಮಾತು ಸಾಕು. ಅಷ್ಟಕ್ಕೆ ಅವಳ ಮನಸ್ಸು ಬಾಗಿಲಲ್ಲೇ ಕಾದು ನಿಂತಿತ್ತು.

"ನಿಜವಾಗ್ಲೂ ಹಾಗೇ ಅಂದ್ಯಾ?" ಎಂದು ಕೇಳಿದಳು.

"ಹೇಗೆ?"

"ಅವಳನ್ನ ಬಿಡಿ ಅಂತ."

ಗುಬ್ಬಿ ಮಡಿಸುತ್ತಿದ್ದುದನ್ನು ಬಿಟ್ಟು ಹತ್ತಿರ ಬಂದು ಅವಳ ಗಲ್ಲ ಹಿಡಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಇನ್ನೇನು ಅಂತೀನಿ ಅಂದ್ಕೊಂಡೆ, ಹುಚ್ಚಿ? ನೀನು ಬೇರೆ ನಾನು ಬೇರೆನಾ?"

ಗಲ್ಲದ ಮೇಲಿನ ಕೈ ಎಂದಿನಂತೆ ಬೆಚ್ಚಗಿತ್ತು. ಅದೇ ಕೈ ಹಿಂದೆ ಆಸ್ಪತ್ರೆಯಲ್ಲಿ, ಇನ್ನೊಂದಾಗುತ್ತೆ ಬಿಡು, ನನ್ನ ಮಕ್ಕಳು ನಿನ್ನವಲ್ವಾ, ಎಂದು ತಲೆ ನೇವರಿಸಿತ್ತು. ಆಗಿನ ಮಾತೂ ಹೀಗೇ ಇತ್ತೇನೋ ಎಂಬ ಅನುಮಾನ ಹೊಕ್ಕಿದ್ದೇ ತಡ, ಇಷ್ಟು ವರ್ಷಗಳ ಸಂಜೆಗಳೆಲ್ಲ ಒಂದೊಂದಾಗಿ ಮುಖ ತಿರುಗಿಸಿ ನಿಂತವು. ಹಲಗೆಯಾಚೆ ಆಡಿದ ಮಾತನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಕಣ್ಣಲ್ಲಿ ಕಣ್ಣಿಟ್ಟು ಆಡಿದ ಈ ಸುಳ್ಳನ್ನು ನುಂಗಲಾಗಲಿಲ್ಲ.

ಬೆಳಿಗ್ಗೆ ಮೇಷ್ಟ್ರು ಬಾಗಿಲು ಮುಚ್ಚಿ ಕೇಳಿದರು. "ಗುಬ್ಬಿ ಜೊತೆ ಹೋಗ್ತೀರಲ್ಲ?"

"ಇಲ್ಲ."

ಮೇಷ್ಟ್ರು ತಲೆಯೆತ್ತಿದರು. ಕಾರಣ ಕೇಳುವಂತಿರಲಿಲ್ಲ, ಕೇಳಲಿಲ್ಲ.

"ನಿನ್ನೆ ನಿಮ್ಮ ಬೂಟಿನ ಪಾಲಿಶ್ ಚೆನ್ನಾಗಿತ್ತು ಮೇಷ್ಟ್ರೇ," ಎಂದಳು ನರ್ಸಮ್ಮ.

ಮೇಷ್ಟ್ರಿಗೆ ಅರ್ಥವಾಯಿತು. "ಆ ಹಲಗೆ ಇಷ್ಟು ತೆಳು ಅಂತ ನನಗೆ ಗೊತ್ತಿರಲಿಲ್ಲ," ಎಂದರು.

"ಅವಳು ಹೊರಗೆ ಬಂದು ಹೇಳಿದ್ದು ಸುಳ್ಳು ಅಂತ ಗೊತ್ತಿತ್ತು. ಆದ್ರೂ ಚಪ್ಪಾಳೆ ತಟ್ಟಿದ್ರಿ."

"ಒಳಗಿನ ಮಾತು ಹೊರಗೆ ತರಲ್ಲ ಅಂತ ಮಾತು ಕೊಟ್ಟಿದ್ದೆ. ಹೆದರಿದಾಗ ಬಾಯಿಂದ ಬರೋದು ಮನುಷ್ಯರ ನಿಜ ಅಲ್ಲ, ನರ್ಸಮ್ಮ. ಎಷ್ಟೋ ಜನರನ್ನ ನೋಡಿದ್ದೀನಿ."

"ಹೆದರಿಕೆ ಹೋದ ಮೇಲೆ ಬಂದಿದ್ದು?"

ಮೇಷ್ಟ್ರು ಪಟ್ಟಿಯಲ್ಲಿ ಗುಬ್ಬಿಯ ಹೆಸರು ಹೊಡೆದುಹಾಕಿದರು. ಅವಳ ಬದಲು ಲಸಿಕೆ ಹಾಕುವ ಗೊರಕೆಯಕ್ಕನನ್ನು ಕಳಿಸುತ್ತೇನೆಂದರು.

ಸುದ್ದಿ ಕಚೇರಿಯೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ. ಜೊತೆಗಾರರೇ ಬೇಡವೆಂದರೆ ಆ ಸಂಸ್ಥೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಗಾಡಿಗೆ ಔಷಧಿಯ ಪೆಟ್ಟಿಗೆಗಳನ್ನು ಹೇರುತ್ತಿದ್ದ ಡ್ರೈವರಣ್ಣ ಯಾರ ಮುಖವನ್ನೂ ನೋಡಲಿಲ್ಲ. ಅವು ಗುಬ್ಬಿಯೇ ವಾರವಿಡೀ ಕೂತು ಜೋಡಿಸಿದ ಪೆಟ್ಟಿಗೆಗಳು.

ಗಾಡಿ ಗೇಟಿನ ಹತ್ತಿರ ಬಂದಾಗ ಗುಬ್ಬಿ ಓಡಿಬಂದು ಕಿಟಕಿಯ ಗಾಜು ಹಿಡಿದುಕೊಂಡಳು. ಕೈಯಲ್ಲಿ ನರ್ಸಮ್ಮನ ನೀರಿನ ಬಾಟಲಿ. ಕೋಣೆಯಲ್ಲಿ ಮರೆತು ಬಂದದ್ದು.

"ಯಾಕೇ ನನ್ನನ್ನ ಬೇಡ ಅಂದೆ? ಏನು ಮಾಡಿದೆ ನಾನು ನಿನಗೆ?"

ನರ್ಸಮ್ಮ ಗಾಜು ಇಳಿಸಿದಳು. ಬಾಟಲಿ ತೆಗೆದುಕೊಂಡು ಮಡಿಲಲ್ಲಿಟ್ಟಳು.

"ನಿನಗೆ ಇಬ್ಬರು ಮಕ್ಕಳಿದ್ದಾರೆ," ಎಂದಳು. "ನನಗೆ ಯಾರೂ ಇಲ್ಲ."

ಗುಬ್ಬಿಯ ಮುಖದ ಬಣ್ಣ ಮೆಲ್ಲಗೆ ಇಳಿಯಿತು. ಗಾಜಿನ ಅಂಚಿನ ಮೇಲಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು. ಇಷ್ಟಾದರೆ ಎದೆಯ ಭಾರ ಇಳಿದೀತೆಂದು ಬೆಳಿಗ್ಗೆಯಿಂದ ಕಾದಿದ್ದಳು ನರ್ಸಮ್ಮ. ಇಳಿಯಲಿಲ್ಲ.

ಗಾಡಿ ಹೊರಟಿತು. ಅವಳು ತಿರುಗಿ ನೋಡಲಿಲ್ಲ. ಊರು ದಾಟಿ ಹೊಳೆಯ ಸೇತುವೆ ಇಳಿಯುವಷ್ಟರಲ್ಲಿ, ಮುಂದೆ ದಾರಿಗೆ ಅಡ್ಡಲಾಗಿ ಕಲ್ಲುಗಳು, ಕಲ್ಲುಗಳಾಚೆ ಬಂದೂಕಿನವರು. ಡ್ರೈವರಣ್ಣ ವೇಗ ತಗ್ಗಿಸಿದ. ಅವಳು ಕನ್ನಡಕ ತೆಗೆದು, ಎರಡೂ ಕೈಗಳನ್ನು ಮುಂದಿನ ಸೀಟಿನ ಬೆನ್ನ ಮೇಲೆ ಕಾಣುವಂತೆ ಇಟ್ಟಳು. ಅಷ್ಟರಲ್ಲಿ ಪಕ್ಕದಲ್ಲಿ, ಅಂಥ ಜಾಗದಲ್ಲಿ, ಗೊರಕೆಯಕ್ಕನ ಗೊರಕೆ ಶುರುವಾಯಿತು. ನರ್ಸಮ್ಮನಿಗೆ ತಡೆಯಲಾರದ ನಗು ಉಕ್ಕಿತು. ನೋಡೇ ಇವಳನ್ನ, ಎಂದು ತಿವಿಯಲು ಮೊಣಕೈ ತಾನಾಗಿಯೇ ಎದ್ದಿತು. ಗುಬ್ಬಿ ಅಲ್ಲಿರಲಿಲ್ಲ. ಅವಳು ಕೈಯನ್ನು ಮತ್ತೆ ಸೀಟಿನ ಬೆನ್ನಿಗೆ ತಂದು, ಕಾಣುವಂತೆ ಇಟ್ಟಳು.