ಪ್ರೇಮಕ್ಕನ ಹೊಲ

ಸ್ನೇಹಲತಾ ಪಾಲಿಗೆ ಮೊಬೈಲ್ ಆಟಗಳಲ್ಲಿ ಇದ್ದದ್ದು ಎರಡೇ ಬಗೆ. ಗುಂಡು ಹಾರಿಸುವ ಆಟ ಒಂದು, ಗುಂಡು ಹಾರಿಸದ ಆಟ ಇನ್ನೊಂದು. ಮೊದಲನೆಯದು ಮಕ್ಕಳನ್ನು ಕೆಡಿಸುತ್ತದೆ, ಎರಡನೆಯದು ಪರವಾಗಿಲ್ಲ. ಹಳೇಕೋಟೆಯ ತಾಯಂದಿರೆಲ್ಲ ಹೆಚ್ಚುಕಡಿಮೆ ಹೀಗೇ ವಿಂಗಡಿಸಿಕೊಂಡಿದ್ದರು. ಅದು ತಪ್ಪು ಎಂದು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ.

ಹೊರಗೆ ಒಬ್ಬನಿದ್ದ. ಅವಳ ಅಣ್ಣನ ಮಗ ಮನು. ಇಂಜಿನಿಯರಿಂಗ್ ಮುಗಿಸಿ, ಹಾಸನದ ಸಾಲಗಾಮೆ ರಸ್ತೆಯ ಒಂದು ಮಹಡಿಯ ಮೇಲೆ ಗಂಟೆಗಿಷ್ಟು ಎಂದು ವಿಡಿಯೋ ಗೇಮ್ ಆಡಿಸುವ ಅಂಗಡಿ ತೆರೆದುಕೊಂಡು ಕೂತಿದ್ದಾನೆ. ಇದೂ ಒಂದು ಕಸುಬೇ ಎಂದು ಬಂಧುಬಳಗವೆಲ್ಲ ಮೂಗು ಮುರಿದಾಗಿದೆ. ಅವನು ಮಾತ್ರ ಜಗ್ಗಿಲ್ಲ. ಅವನು ಗೌರಿ ಹಬ್ಬಕ್ಕೆ ಹಳೇಕೋಟೆಗೆ ಬಂದಿದ್ದಾಗ, ತನ್ನ ಮಗಳು ಮೇಘಶ್ರೀ ಫೋನು ಹಿಡಿದು "ಹೊಡಿ, ಬಿಡ್ಬೇಡ, ಹೊಡಿ" ಎಂದು ಕಿರುಚುತ್ತಿದ್ದುದನ್ನು ಕೇಳಿ ಸ್ನೇಹಲತಾ ಫೋನು ಕಿತ್ತುಕೊಂಡು ಆ ಆಟವನ್ನೇ ಅಳಿಸಿಹಾಕಿಸಿದ್ದಳು. ಹೋಳಿಗೆ ತಿನ್ನುತ್ತಿದ್ದ ಮನು ಸುಮ್ಮನಿರದೆ ಬಾಯಿ ಹಾಕಿದ.

"ಅತ್ತೆ, ಚಿತ್ರ ನೋಡಿ ಆಟ ಎಂಥದು ಅಂತ ಯೋಳಕ್ಕಾಗಲ್ಲ. ಆಡೋರ ಕೈ ಏನ್ ಮಾಡ್ತದೆ ಅಂತ ನೋಡ್ಬೇಕು. ಕಾರ್ ಕಂಡುದ್ದೆಲ್ಲಾ ರೇಸ್ ಅಲ್ಲ. ಅದೇ ಕಾರ್ನ ಇಕ್ಕಟ್ನಲ್ಲಿ ತಂದು ನಿಲ್ಸೋದಾದ್ರೆ ಅದು ಒಗಟಿನ ಆಟ. ಕೈಲಿ ಗನ್ ಇದ್ದು ಗುಂಡೇ ಇಲ್ದೆ ಓಡೋದಾದ್ರೆ ಅದು ಹೆದ್ರಿಸೋ ಆಟ. ಒಂದೊಂದ್ರ ಕೆಲ್ಸನೂ ಬ್ಯಾರೆ."

"ಗನ್ನು ಗನ್ನೇ ಕಣಪ್ಪ," ಎಂದಳು ಸ್ನೇಹಲತಾ. "ನೀನು ಓಳ್ಗೆ ತಿನ್ನು, ತುಪ್ಪ ಆಕ್ತೀನಿ."

ಆಮೇಲೆ ಮೇಘಶ್ರೀ ಹಿಡಿದದ್ದು ಹೊಲದ ಆಟ. ಸ್ನೇಹಲತಾಗೆ ಅದನ್ನು ನೋಡಿ ಮನಸ್ಸು ತುಂಬಿಬಂತು. ಉಳುವುದು, ಬಿತ್ತುವುದು, ನೀರು ಹಾಯಿಸುವುದು, ಹಸು ಕಟ್ಟುವುದು. ಅಲ್ಲಿಯ ಹಸು ಒದೆಯುವುದಿಲ್ಲ, ಅಲ್ಲಿಯ ಶುಂಠಿ ಕೊಳೆಯುವುದಿಲ್ಲ. ಒಕ್ಕಲು ಮನೆಯ ಹುಡುಗಿ ಮಣ್ಣಿನ ಕೆಲಸವನ್ನು ಫೋನಿನಲ್ಲಾದರೂ ಕಲಿಯಲಿ ಎಂದು ಗಂಡ ಕಾಂತರಾಜುವಿನ ಮುಂದೆ ಹೆಮ್ಮೆಯಿಂದಲೇ ಹೇಳಿದಳು. ಕಾಲೇಜಿಗೆ ಹೋಗುವಾಗ ಮೇಘಶ್ರೀ ತನ್ನ ಫೋನಿನಲ್ಲಿ ಆಡುತ್ತಿದ್ದಳು. ಮನೆಯಲ್ಲಿ ಗಾಜು ಒಡೆದ ಹಳೇ ಫೋನಿನಲ್ಲೂ ಅದೇ ಹೊಲ ತೆರೆಯುತ್ತಿತ್ತು, ಒಮ್ಮೆಗೆ ಒಂದರಲ್ಲಿ ಮಾತ್ರ. ಮಧ್ಯಾಹ್ನದ ಹೊತ್ತು ಸ್ನೇಹಲತಾ ಕೂಡ ಅದನ್ನು ತೆರೆದು ಬದನೆಗೆ ನೀರು ಹಾಕುವುದಿತ್ತು. ಗೇದು ಗೇದು ಸಾಕಾಗಿ ಕೂತವಳು ಫೋನಿನಲ್ಲೂ ಗೇಯುತ್ತಾಳಲ್ಲ ಎಂದು ಕಾಂತರಾಜು ನಗುತ್ತಿದ್ದ.

ಪಕ್ಕದ ಹೊಲ ಪ್ರೇಮಕ್ಕನದು. ಪೂರ್ತಿ ಹೆಸರು ಪ್ರೇಮಕುಮಾರಿಯಂತೆ, ಅರಕಲಗೂಡು ಕಡೆಯ ಒಕ್ಕಲಗಿತ್ತಿಯಂತೆ. ಯಾರೂ ಮುಖ ಕಂಡದ್ದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ದಪ್ಪನೆಯ ಹೆಂಗಸಿನ ಬೊಂಬೆಯೊಂದು ಬೇಲಿ ದಾಟಿ ಬಂದು ಗಿಡಗಳಿಗೆ ನೀರು ಹಾಕಿ ಹೋಗುತ್ತಿತ್ತು. ಮೇಘಶ್ರೀಯ ಪರೀಕ್ಷೆಯ ದಿನಗಳಲ್ಲಿ ಆ ಬೊಂಬೆ ಒಂದು ದಿನವೂ ತಪ್ಪಿಸದೆ ಬಂದು ಇಡೀ ಹೊಲವನ್ನು ಉಳಿಸಿಕೊಟ್ಟಿತು. ಮಗಳು ಬಂದು ಆ ವಿಷಯ ಹೇಳಿದಾಗ ಸ್ನೇಹಲತಾ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಒಬ್ರು ನಮ್ ಹೊಲಕ್ಕೆ ಬಂದು ಗೇದ್ ಮೇಲೆ ನಾವೂ ಅವ್ರ ಹೊಲಕ್ಕೆ ಓಗ್ಬೇಕು ಕಣವ್ವ," ಎಂದಿದ್ದಳು. "ಮುಯ್ಯಾಳು ಉಳಿಸ್ಕಂಡ್ರೆ ತಲೆ ಎತ್ಕಂಡು ತಿರುಗಕ್ಕಾಗಲ್ಲ."

ಇದು ಅವಳು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಹೊಲಗಳಲ್ಲಿ ಮುಯ್ಯಾಳಿಗೆ ಕೂಲಿ ಇಲ್ಲ. ಇವತ್ತು ನೀನು ನನ್ನ ರಾಗಿಗೆ ಕಳೆ ಕಿತ್ತರೆ ನಾಳೆ ನಾನು ನಿನ್ನ ಆಲೂಗೆಡ್ಡೆಗೆ ಮಣ್ಣು ಏರಿಸಬೇಕು. ಜ್ವರ ಬಂದರೂ ಹೋಗಬೇಕು, ಇಲ್ಲವೇ ಮನೆಯಿಂದ ಬೇರೆಯವರನ್ನು ಕಳಿಸಬೇಕು. ಇದನ್ನು ಸ್ನೇಹಲತಾ ತನ್ನಮ್ಮನಿಂದ ಕಲಿತಿದ್ದಳು, ಅವಳಿಂದ ಮಗಳು ಕಲಿತಳು.

ಶನಿವಾರ ಹೊಳೆನರಸೀಪುರದ ಕಾಲೇಜು ಮಧ್ಯಾಹ್ನಕ್ಕೆ ಬಿಡುತ್ತದೆ. ಊಟದ ಹೊತ್ತಿಗೆ ಬರಬೇಕಾದ ಮೇಘಶ್ರೀ ಆ ದಿನ ಬರಲಿಲ್ಲ. ಫೋನು ಆಫ್ ಆಗಿತ್ತು. ಬಸ್ಸು ತಪ್ಪಿರಬೇಕು ಎಂದು ಸ್ನೇಹಲತಾ ಮುದ್ದೆ ಮುಚ್ಚಿಟ್ಟಳು. ಮುಂದಿನ ಬಸ್ಸಿಗೂ ಬರದಿದ್ದಾಗ ಜೊತೆಯ ಹುಡುಗಿಗೆ ಫೋನು ಮಾಡಿದಳು.

"ಅವ್ಳು ಹಾಸನದ್ ಬಸ್ ಹತ್ತಿದ್ಲು ಆಂಟಿ. ಅಕ್ಕನ್ ಮನೆಗೆ ಹೋಗ್ತೀನಿ ಅಂದ್ಲು."

ಮೇಘಶ್ರೀಗೆ ಅಕ್ಕ ಇಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯಲ್ಲೂ ಅವಳೇ ಹಿರಿಯಳು. ಕಾಂತರಾಜು ಟ್ರಾಕ್ಟರಿನ ಸಾಮಾನಿಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದ, ಫೋನು ಎತ್ತಲಿಲ್ಲ. ಗೋಡೆಗೂಡಿನಲ್ಲಿದ್ದ ಹಳೇ ಫೋನನ್ನು ತೆಗೆದು ಅವಳು ಹೊಲದ ಆಟವನ್ನು ಒತ್ತಿದಳು. ಮಗಳ ಬದುಕಿನಲ್ಲಿ 'ಅಕ್ಕ' ಎನ್ನಿಸಿಕೊಂಡವಳು ಅಲ್ಲೊಬ್ಬಳೇ ಇದ್ದಳು.

ಬೇಲಿಯ ಮೇಲಿನ ಮಾತಿನ ಗುರುತನ್ನು ಒತ್ತಿದರೆ ಅವರಿಬ್ಬರು ಬರೆದುಕೊಂಡದ್ದೆಲ್ಲ ಕಾಣುತ್ತಿತ್ತು. ಇಷ್ಟು ದಿನ ಅವಳು ಅದನ್ನು ಓದಿರಲಿಲ್ಲ. ಹೆಂಗಸರಿಬ್ಬರ ಮಾತು, ಓದುವುದೇನಿದೆ ಎಂದುಕೊಂಡಿದ್ದಳು. ಈಗ ಓದುತ್ತಾ ಹೋದಳು. ಊಟ ಆಯ್ತಾ ಪುಟ್ಟ. ಕಾಲೇಜಲ್ಲಿ ಯಾರಾದರೂ ಬೈದರಾ ಪುಟ್ಟ. ಅಪ್ಪ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾರೆ ಪುಟ್ಟ. ಮೇಘಶ್ರೀ ಪ್ರತಿ ಮಾತಿನ ಕೊನೆಗೂ ಒಂದು ಹೂವಿನ ಚಿತ್ರ ಇಟ್ಟಿದ್ದಳು. "ನಮ್ಮಮ್ಮ ಹೇಳಿದ್ರು ಅಕ್ಕ, ನಿಮಗೆ ಮುಯ್ಯಾಳು ತೀರಿಸ್ಬೇಕಂತೆ" ಎಂದು ಬರೆದಿದ್ದಳು. ಅದರ ಕೆಳಗೆ ಪ್ರೇಮಕ್ಕನ ಉತ್ತರ ಇತ್ತು.

"ಮುಯ್ಯಾಳು ಅಂದ್ರೆ ಏನು ಪುಟ್ಟ?"

ಸ್ನೇಹಲತಾ ಅದನ್ನು ಮತ್ತೆ ಓದಿದಳು. ಅರಕಲಗೂಡು ಸೀಮೆಯಲ್ಲಿ ಹೊಲ ಗೇಯುವ ಹೆಂಗಸಿಗೆ ಮುಯ್ಯಾಳು ಗೊತ್ತಿಲ್ಲವೇ? ಅನ್ನ ಅಂದರೆ ಏನು ಎಂದು ಕೇಳಿದ ಹಾಗಿತ್ತು. ಇದು ಒಕ್ಕಲಗಿತ್ತಿ ಅಲ್ಲ, ಅರಕಲಗೂಡಿನವಳೂ ಅಲ್ಲ, ಹೆಂಗಸೋ ಅಲ್ಲವೋ ದೇವರೇ ಬಲ್ಲ. ಪೆದ್ದು ಹುಡುಗಿ ಪಾಠ ಹೇಳುವ ಹಾಗೆ ಮುಯ್ಯಾಳು ಅಂದರೇನೆಂದು ಉದ್ದಕ್ಕೆ ವಿವರಿಸಿದ್ದಳು. ಕೇಳಿಸಿಕೊಂಡವರು ಒಂದು ವಾರ ಸುಮ್ಮನಿದ್ದು ಆಮೇಲೆ ಬರೆದಿದ್ದರು: ನನಗೆ ಹುಷಾರಿಲ್ಲ, ಆಲೂಗೆಡ್ಡೆ ಕೀಳಕ್ಕೆ ಆಳಿಲ್ಲ, ಮುಯ್ಯಿಗೆ ಬರ್ತೀಯಾ ಪುಟ್ಟ. ಶನಿವಾರ ಹಾಸನಕ್ಕೆ ಬಾ. ಫೋನ್ ಆಫ್ ಮಾಡಿಕೋ, ನಾಲ್ಕು ಗಂಟೆಗೆ ಆನ್ ಮಾಡು, ಎಲ್ಲಿಗೆ ಬರಬೇಕು ಅಂತ ಆಗ ಹೇಳ್ತೀನಿ.

ಆಟೋ ಹಿಡಿದು ಹೊಳೆನರಸೀಪುರಕ್ಕೆ ಬಂದು ಹಾಸನದ ಬಸ್ಸು ಹತ್ತುವಾಗ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಅವಳಿಗೆ ಗೊತ್ತೂ ಆಗಲಿಲ್ಲ. ಬಸ್ಸಿನಲ್ಲೇ ಮನುಗೆ ಫೋನು ಮಾಡಿ, ಸುತ್ತಲಿನವರು ತಿರುಗಿ ನೋಡುತ್ತಿದ್ದರೂ ಎಲ್ಲವನ್ನೂ ಹೇಳಿದಳು. ಅವನು ಕೇಳಿದ್ದು ಎರಡೇ ಮಾತು.

"ಆ ಆಟ್ದಲ್ಲಿ ಗೆಲ್ಲೋದು ಅಂತ ಐತಾ ಅತ್ತೆ?"

"ಗೆಲ್ಲೋದೇನಿಲ್ಲ ಕಣಪ್ಪ. ದಿನಾ ಓಗಿ ನೀರಾಕ್ಬೇಕು."

"ಮುಗಿತದಾ?"

"ಮುಗಿಯಲ್ಲ."

"ಗುಂಡಿನ್ ಆಟ ಅರ್ಧ ಗಂಟೆಗೆ ಮುಗಿತದೆ," ಎಂದ ಮನು. "ಸೋತೋರೂ ಓಯ್ತಾರೆ, ಗೆದ್ದೋರೂ ಓಯ್ತಾರೆ. ಇದು ಮುಗಿಯದೇ ಇಲ್ಲ. ದಿನಾ ಬಂದು ಸಹಾಯ ಮಾಡೋನು ನೆಂಟ ಆಗ್ಬುಡ್ತಾನೆ. ನಾನು ಪೊಲೀಸ್ರಿಗೆ ಫೋನ್ ಮಾಡಿ ಬಸ್ ಸ್ಟ್ಯಾಂಡ್ಗೆ ಓಯ್ತೀನಿ. ನೀವು ಅಳ್ಬೇಡಿ. ಆ ಹಳೇ ಫೋನ್ ಕೈಲೈತಲ್ವಾ? ಮೇಘನ ಹೆಸ್ರಲ್ಲಿ ನೀವೇ ಬರೀರಿ. ಎಲ್ಲಿಗೆ ಬರ್ಲಿ ಅಂತ ಕೇಳಿ. ಅವ್ನು ಜಾಗ ಹೇಳುದ್ರೆ ಮೇಘ ಇನ್ನೂ ಅವನ ಕೈಗೆ ಸಿಕ್ಕಿಲ್ಲ ಅಂತ."

ಹೇಳದಿದ್ದರೆ?

ಅಕ್ಕ ಬಂದೆ, ಎಲ್ಲಿಗೆ ಬರ್ಲಿ. ಇಷ್ಟನ್ನು ಒಂದೊಂದೇ ಅಕ್ಷರ ಹುಡುಕಿ ಬರೆದಳು. ಕಳಿಸಿ, ಒಡೆದ ಗಾಜನ್ನೇ ದಿಟ್ಟಿಸುತ್ತಾ ಕೂತಳು. ಪ್ರೇಮಕ್ಕನ ಬೊಂಬೆ ಹೊಲದ ನಡುವೆ ಸುಮ್ಮನೆ ನಿಂತಿತ್ತು. ದಿನವೂ ನೋಡಿದ ಬೊಂಬೆ, ಅದೇ ನಗುಮುಖ. ಈಗ ಅದರ ಹಿಂದೆ ಯಾರೋ ಕೂತು ಉಸಿರಾಡುತ್ತಿದ್ದಾರೆ ಎನಿಸಿತು ಸ್ನೇಹಲತಾಗೆ.

ಉತ್ತರ ಬಂತು. "ಆಗ್ಲೇ ಬಂದ್ಯಾ? ನಾಲ್ಕು ಗಂಟೆವರೆಗೂ ಆಫ್ ಮಾಡಿರು ಅಂದಿದ್ನಲ್ಲ."

"ಅನುಮಾನ ಬಂದೈತೆ ಅವ್ನಿಗೆ," ಎಂದಳು ಮನುಗೆ, ಸೆರಗು ಬಾಯಿಗೆ ಅಡ್ಡ ಹಿಡಿದು.

"ಇರ್ಲಿ. ಅತ್ತೆ, ಈಗ ನೀವು ಆಡ್ತಿರೋದು ಹೊಲದ ಆಟ ಅಲ್ಲ, ಹೆದ್ರಿಸೋ ಆಟ. ಅದ್ರಲ್ಲಿ ನಮ್ ಕೈಲಿ ಹೊಡಿಯಕ್ಕೆ ಏನೂ ಇರಲ್ಲ. ಅವ್ನ ಕಣ್ಗೆ ಬೀಳ್ದಂಗೆ ಇರ್ಬೇಕು, ಅಷ್ಟೇ. ಮೇಘ ಹೆಂಗ್ ಬರೀತಾಳೋ ಅಂಗೇ ಬರೀರಿ."

ಚಾರ್ಜ್ ಇಲ್ಲ ಅಕ್ಕ, ಈಗ್ಲೇ ಹೇಳ್ಬುಡಿ, ಎಂದು ಬರೆದು ಕಳಿಸಲು ಹೋದವಳು ತಡೆದಳು. ಹೂವು. ಹೂವಿನ ಚಿತ್ರ ಎಲ್ಲಿದೆಯೋ ಹುಡುಕಿ, ಕೊನೆಗೆ ಇಟ್ಟು ಕಳಿಸಿದಳು. ಬಸ್ಸು ಯಾವುದೋ ಊರಿನಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಬೊಂಬೆ ಹಾಗೇ ನಿಂತಿತ್ತು. ಆಮೇಲೆ ಅಕ್ಷರಗಳು ಮೂಡಿದವು.

"ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ. ಹಳೇ ಟೈರ್ ಅಂಗಡಿ ಪಕ್ಕ. ಬಿಳಿ ಕಾರು. ನಾನು ಮಲಗಿದ್ದೀನಿ ಪುಟ್ಟ, ನಮ್ಮ ತಮ್ಮ ಬಂದಿರ್ತಾನೆ, ಹೆದರ್ಕೋಬೇಡ."

ಮಗಳು ಇನ್ನೂ ಸಿಕ್ಕಿಲ್ಲ. ಸ್ನೇಹಲತಾಗೆ ಜೀವ ಬಂದಂತಾಯಿತು. ಮರುಗಳಿಗೆಗೇ 'ತಮ್ಮ' ಎಂಬ ಮಾತು ಎದೆಯನ್ನು ಇರಿಯಿತು. ಜಾಗ ಹೇಳೋಣವೆಂದರೆ ಮನುವಿನ ಕರೆ ಕಡಿದಿತ್ತು; ಅವನು ಮತ್ತೆ ಸಿಕ್ಕಿದ್ದು ಬಸ್ಸು ಹಾಸನ ಮುಟ್ಟಿದ ಮೇಲೆ.

ಹಾಸನದಲ್ಲಿ ಅವಳು ಬಸ್ಸಿಂದ ಇಳಿಯುವಷ್ಟರಲ್ಲಿ ಹಳೇ ಫೋನಿನಿಂದ ಹೊಲ ಮಾಯವಾಗಿ, ಇನ್ನೊಂದು ಫೋನಿನಲ್ಲಿ ಈ ಹೊಲ ತೆರೆದಿದೆ ಎಂಬ ಸಾಲು ಬಂತು. ಮೇಘಶ್ರೀ ಫೋನು ಆನ್ ಮಾಡಿದ್ದಳು. ಸ್ನೇಹಲತಾ ಅವಳಿಗೆ ಕರೆ ಮಾಡಿದಳು. ರಿಂಗಾಯಿತು. ಮಗಳು ಕಟ್ ಮಾಡಿದಳು. ಇವಳು ಮತ್ತೆ ಮಾಡಿದಳು, ಮತ್ತೆ ಕಟ್. ಬೈಗುಳಕ್ಕೆ ಹೆದರಿ ಅಮ್ಮನ ಕರೆಯನ್ನು ಕತ್ತರಿಸುತ್ತಿದ್ದ ಹುಡುಗಿ ಅತ್ತ ಆ ಕಾರಿನ ಕಡೆ ನಡೆಯುತ್ತಿದ್ದಾಳೆ ಎಂದು ನೆನೆದು ಸ್ನೇಹಲತಾ ಬರಿಗಾಲಲ್ಲೇ ಓಡಿದಳು.

ಹಿಂದಿನ ರಸ್ತೆಯಲ್ಲಿ ಜನ ಕಡಿಮೆ. ಟೈರ್ ಅಂಗಡಿಯ ಬಾಗಿಲು ಮುಚ್ಚಿತ್ತು. ಬಿಳಿ ಕಾರು ಇತ್ತು. ಕಾಲೇಜಿನ ಯೂನಿಫಾರಮ್ಮಿನಲ್ಲಿ, ಎಂದಿನಂತೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೇಘಶ್ರೀ ಅದರ ಹತ್ತಿರ ಹೋಗುತ್ತಿದ್ದಳು. ಕಾರಿನ ಹಿಂದಿನ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಸ್ನೇಹಲತಾ ಓಡಿ ಹೋಗಿ ಆ ಬ್ಯಾಗನ್ನು ಹಿಡಿದು ಎಳೆದಳು. ತಾಯಿ ಮಗಳಿಬ್ಬರೂ ರಸ್ತೆಯ ಮೇಲೆ ಬಿದ್ದರು. ಬಾಗಿಲನ್ನು ಎಳೆದುಕೊಂಡ ಕೈಯನ್ನು ಅವಳು ಕಂಡಳು. ಗಡಿಯಾರ ಕಟ್ಟಿದ ಶುಭ್ರವಾದ ಗಂಡಸಿನ ಕೈ, ಒಂದು ದಿನವೂ ಮಣ್ಣು ಮುಟ್ಟಿದ್ದಲ್ಲ. ಕಾರು ಹೋಯಿತು. ಬಸ್ ಸ್ಟ್ಯಾಂಡಿನಲ್ಲೆಲ್ಲ ಮೇಘಶ್ರೀಗಾಗಿ ಹುಡುಕಾಡಿ, ಅತ್ತೆ ಹೇಳಿದ ಜಾಗಕ್ಕೆ ಆಗಷ್ಟೇ ಬೈಕಿನಲ್ಲಿ ಬಂದ ಮನು ಅದರ ನಂಬರನ್ನು ಫೋಟೋ ಹಿಡಿದ.

"ಅವ್ರ ತಮ್ಮ ಅಮ್ಮ," ಎಂದು ಮೇಘಶ್ರೀ ಅಳುತ್ತಿದ್ದಳು. "ಪ್ರೇಮಕ್ಕಂಗೆ ಹುಷಾರಿಲ್ಲ."

ಬಿದ್ದ ರಭಸಕ್ಕೆ ಬ್ಯಾಗಿನ ಬಾಯಿ ಬಿಚ್ಚಿಕೊಂಡಿತ್ತು. ಒಳಗಿದ್ದದ್ದು ಪುಸ್ತಕ ಅಲ್ಲ. ಹೊಲಕ್ಕೆ ಇಳಿಯುವಾಗ ಹೆಂಗಸರು ಮೇಲೆ ತೊಡುವಂಥ, ಕಾಂತರಾಜುವಿನ ತುಂಬುತೋಳಿನ ಹಳೇ ಅಂಗಿ. ತಲೆಗೆ ಕಟ್ಟಲು ಒಂದು ಟವೆಲ್. ಹುಡುಗಿ ನಿಜವಾಗಿಯೂ ಆಲೂಗೆಡ್ಡೆ ಕೀಳಲು ಬಂದಿದ್ದಳು. ಸ್ನೇಹಲತಾ ಆ ಅಂಗಿಯನ್ನು ಎದೆಗೆ ಒತ್ತಿಕೊಂಡು ರಸ್ತೆಯಲ್ಲೇ ಕೂತು ಅತ್ತಳು. ಬೈಯಬೇಕಾದದ್ದು ಯಾರನ್ನು ಎಂದು ತಿಳಿಯಲಿಲ್ಲ.

ಪೊಲೀಸ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಪರಮಶಿವಯ್ಯ ಕಾರಿನ ನಂಬರನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳುತ್ತಿದ್ದರು. ಚನ್ನರಾಯಪಟ್ಟಣದಿಂದ ಕಾಂತರಾಜು ಹೊರಟಿದ್ದ. ಬೆಂಚಿನ ಮೇಲೆ ಮೇಘಶ್ರೀ ಅಮ್ಮನ ಭುಜಕ್ಕೆ ಒರಗಿ ಬಿಕ್ಕುತ್ತಿದ್ದಳು. ಅವಳ ಫೋನನ್ನು ಆಫ್ ಮಾಡಿ ಮೇಜಿನ ಮೇಲೆ ಇಟ್ಟಿದ್ದರಿಂದ ಹಳೇ ಫೋನಿನಲ್ಲಿ ಹೊಲ ಮತ್ತೆ ತೆರೆಯಿತು. ಬೊಂಬೆ ಇನ್ನೂ ಅಲ್ಲೇ ಇದೆಯೇ ಎಂದು ನೋಡದೆ ಸ್ನೇಹಲತಾಗೆ ಕೂರಲಾಗಲಿಲ್ಲ. ಮೊದಲ ಸಲ ಅವಳು ಬೇಲಿ ದಾಟಿ ಪ್ರೇಮಕ್ಕನ ಹೊಲದ ಒಳಕ್ಕೆ, ಬಾವಿಯ ಆಚೆಯವರೆಗೂ ಹೋದಳು.

ಹೊಲ ಸೊಂಪಾಗಿತ್ತು. ಒಂದು ಕಳೆ ಇಲ್ಲ. ಒಂಟಿ ಹೆಂಗಸು ಹೀಗೆ ಹೇಗೆ ಇಟ್ಟುಕೊಂಡಾಳು ಎಂದು ಹೊಲ ಬಲ್ಲವಳಾದ ಸ್ನೇಹಲತಾಗೆ ಅನಿಸಿತು. ಬಾವಿಯ ಆಚೆ ಪುಟ್ಟ ಪುಟ್ಟ ಬೊಂಬೆಗಳು ಸಾಲಾಗಿ ನೀರು ಹಾಕುತ್ತಿದ್ದವು. ಒಂದೊಂದರ ತಲೆಯ ಮೇಲೂ ಒಂದೊಂದು ಹುಡುಗಿಯ ಹೆಸರು. ಪ್ರೇಮಕ್ಕನ ಬೊಂಬೆ ಎಲ್ಲೂ ಇರಲಿಲ್ಲ.

ತೇಜಶ್ರೀ ಎಂಬ ಬೊಂಬೆ ನೀರಿನ ಬಿಂದಿಗೆ ಇಳಿಸಿ ಅವಳ ಹತ್ತಿರ ಬಂತು. "ಮೇಘಕ್ಕ, ನಿಂದು ಮುಯ್ಯಿ ಮುಗೀತಾ?" ಎಂದು ಬರೆಯಿತು. "ನಂದು ನಾಳೆ."

ಯಾವ ಊರು ಪುಟ್ಟ, ಅಮ್ಮ ಎಲ್ಲಿ, ಎಂದು ಬರೆಯಲು ಹೋಗಿ ತಡೆದಳು. ತನ್ನ ಅಡುಗೆಮನೆಯಲ್ಲಿ ಆಡಿದ ಮಾತು ಈ ಹೊಲದ ತುಂಬ ಹರಡಿತ್ತು. ಸ್ನೇಹಲತಾ ಮಗಳ ತಲೆಯನ್ನು ಮೆಲ್ಲಗೆ ಸರಿಸಿ ಎದ್ದು, ಒಡೆದ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಂತಳು.

"ಸಾ," ಎಂದಳು, "ಇನ್ನೊಂದು ಮಗು ಐತೆ."