ತಾಡಪತ್ರಿಯಡಿಯ ಈರುಳ್ಳಿ ಬೀಜ

ನಿಜಾಮುದ್ದೀನ ಮುಂಬಯಿಯ ಬೈಕುಲ್ಲಾ ತಲುಪುವ ಹೊತ್ತಿಗೆ ಬೀಜದ ವ್ಯಾಪಾರಿ ಕಸ್ತೂರಿಬಾಯಿ ತನ್ನ ಗೋದಾಮಿನ ಬೀಗ ತೆಗೆಯಲು ಕೀಲಿ ತೂರಿಸಿಯಾಗಿತ್ತು.

“ಅಕ್ಕಾರ, ತೆಗೀಬ್ಯಾಡ್ರಿ. ಒಳಗ ಗ್ಯಾಸ್ ಐತಿ.”

ಆಕೆ ಕೈ ಹಿಂದೆ ಎಳೆದುಕೊಂಡಳು. ಬೀಜದ ಮೂಟೆಗಳಿಗೆ ತಾಡಪತ್ರಿ ಹೊದಿಸಿ, ಹುಳ ಕೊಲ್ಲುವ ಗ್ಯಾಸು ಬಿಟ್ಟು ಹೋದವನು ಅವನೇ. ಮರುದಿನವೇ ಬಂದು ತೆಗೆಯಬೇಕಿತ್ತು. ಅಷ್ಟರಲ್ಲಿ ರೈಲ್ವೆ ಮುಷ್ಕರ ಶುರುವಾಯಿತು. ಒಂದಿಡೀ ದಿನ ಮನೆ ಹತ್ತಿರದ ಮುಲುಂಡ್ ಸ್ಟೇಷನ್ನಿನಲ್ಲಿ ಬಾರದ ಲೋಕಲ್ಲಿಗೆ ಕಾದು, ಮಾರನೆಯ ದಿನ ನಡೆದೇ ಬಂದಿದ್ದ.

ಅವನು ಮುಖಕ್ಕೆ ಮಾಸ್ಕ್ ಬಿಗಿದು ಬಾಗಿಲು ಕಿಟಕಿ ತೆರೆದ, ತಾಡಪತ್ರಿ ಎಳೆದು ಹಾಕಿದ. ಸಂಜೆಯವರೆಗೂ ಯಾರನ್ನೂ ಒಳಗೆ ಬಿಡಲಿಲ್ಲ. ಮೇ ತಿಂಗಳ ಸೆಖೆ. ಬೀಜವನ್ನು ಊರಿಗೆ ಒಯ್ಯಲು ಬೀದಿಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ದಾನಪ್ಪ ಮತ್ತೆ ಮತ್ತೆ ಹಾರ್ನ್ ಹೊಡೆಯುತ್ತಿದ್ದ.

“ಹುಳ ಸತ್ತಾವಲ್ಲ, ಇನ್ನೇನು? ಊರಾಗ ಬಿತ್ತೋರು ಕಾಯಾಕತ್ತಾರ,” ಎಂದಳು ಕಸ್ತೂರಿಬಾಯಿ.

“ಹುಳ ಸತ್ತಾವ್ರಿ. ಇಷ್ಟೊತ್ತು ಗ್ಯಾಸಿನಾಗ ಇದ್ದು ಬೀಜಾನೂ ಸತ್ತಿರಬಹುದು. ಮೊಳಕಿ ನೋಡಿ ಕಳಸ್ರಿ.”

ಆಕೆ ಅವನನ್ನು ಬಯ್ಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೆಂಡೆ ಬೀಜ ಒಂದು ಹಸಿ ಬಟ್ಟೆಯಲ್ಲಿ, ಈರುಳ್ಳಿ ಬೀಜ ಇನ್ನೊಂದರಲ್ಲಿ ಕಟ್ಟಿಟ್ಟರು.

ಬೆಂಡೆ ಬೇಗ ಬಾಯಿ ಬಿಟ್ಟಿತು. ಈರುಳ್ಳಿಯ ಗಂಟನ್ನು ಆಕೆ ದಿನವೂ ಬಿಚ್ಚಿ ನೋಡುವಳು, ಮತ್ತೆ ಕಟ್ಟುವಳು. ವಾರ ಕಳೆದು ನಿಜಾಮುದ್ದೀನ ಮತ್ತೆ ಮುಲುಂಡಿನಿಂದ ನಡೆದು ಬಂದಾಗಲೂ ಅಲ್ಲೊಂದು ಇಲ್ಲೊಂದು ಬೀಜ ಮಾತ್ರ ಒಡೆದಿತ್ತು. ಅವುಗಳ ಬೇರೂ ಮುರುಟಿತ್ತು. ಉಳಿದವು ಬೆರಳಿಗೆ ಲೋಳೆಯಾಗಿ ಅಂಟಿದವು.

“ಚಲೋ ಬೀಜದಾಗ ಕಲಸಿ ಕೊಡ್ರಿ,” ಎಂದ ದಾನಪ್ಪ. “ಹುಟ್ಟಲಿಲ್ಲಂದ್ರ ಮಳಿ ಸರಿ ಆಗಲಿಲ್ಲ ಅಂತಾರ. ನಮ್ಮ ಹೆಸರು ಬರಂಗಿಲ್ಲ.”

ಕಸ್ತೂರಿಬಾಯಿ ನಿಜಾಮುದ್ದೀನನ ಕಡೆ ನೋಡಿದಳು. ಅವನು ಬಟ್ಟೆಯ ಗಂಟನ್ನು ಮತ್ತೊಮ್ಮೆ ಬಿಚ್ಚಿದ. ಹೂಂ ಅಂದರೆ ಅವನ ತಪ್ಪೂ ಆ ಬೀಜದ ಜೊತೆ ಮಣ್ಣು ಸೇರುತ್ತಿತ್ತು.

“ಕಲಸಬ್ಯಾಡ್ರಿ ಅಕ್ಕಾರ,” ಎಂದ ಕೊನೆಗೆ.

ಆಕೆ ಈರುಳ್ಳಿ ಬೀಜದ ಮೂಟೆಗಳನ್ನು ಹೊರಗಿನ ಗಟಾರದ ಹತ್ತಿರ ಎಳೆಸಿ, ಕುಡುಗೋಲು ತಂದು ಹೊಲಿಗೆ ತಾನೇ ಹರಿದಳು. ಕರಿ ಬೀಜ ಸುರಿದು ಗಟಾರ ತುಂಬಿತು. ದಾನಪ್ಪ ಬೆಂಡೆ ಬೀಜವನ್ನಷ್ಟೇ ಹೇರಿಕೊಂಡು ಹೊರಟ. ಈರುಳ್ಳಿ ಬಿತ್ತುವವರು ಬೇರೆ ಕಡೆ ಬೀಜ ನೋಡಿಕೊಳ್ಳಲಿ ಎಂದು ಅವನ ಹತ್ತಿರ ಹೇಳಿ ಕಳಿಸಿದಳು.

ನಿಜಾಮುದ್ದೀನ ಮಾಸ್ಕನ್ನು ಚೀಲಕ್ಕೆ ತುರುಕಿ ಹೊರಡಲು ಎದ್ದ.

“ಎಲ್ಲಿಗೆ? ನಾಳೆ ಇನ್ನೊಂದು ಮಾಲ್ ಬರ್ತೈತಿ,” ಎಂದಳು ಆಕೆ. “ಮುಷ್ಕರ ಮುಗಿಯೂ ತನಕ ಇಲ್ಲೇ ಇರು.”

“ಮನ್ಯಾಗ ಹೇಣ್ತಿ ದೌಲತಬಿ ಒಬ್ಬಾಕಿನ ಅದಾಳ್ರಿ.”

“ಆಕಿನ್ನೂ ಕರಕೊಂಡು ಬಾ. ಮ್ಯಾಲಿನ ಖೋಲಿ ಖಾಲಿ ಐತಿ.”